ಫೋಟೋ ನೋಡಿ ಹಣ ಕೊಡಬೇಡಿ: ನಮ್ಮ ಬಚ್ಚಲುಮನೆಯಲ್ಲಿ ಆದ ಮೋಸ

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ವಾರ ಯೋಚಿಸಿದೆ. ನಾಚಿಕೆಯಾಗುತ್ತಿತ್ತು. ಈಗಲೂ ಆಗುತ್ತಿದೆ. ಆದರೆ ನಿನ್ನೆ ಒಂದು ವಿಷಯ ಹೊಳೆದ ಮೇಲೆ ಸುಮ್ಮನಿರಲು ಸಾಧ್ಯವಾಗಲಿಲ್ಲ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮನೆ ದುರಸ್ತಿ ಮಾಡಿಸುತ್ತಿರುವವರು, ಅದರಲ್ಲೂ ಮಹಡಿಯ ಮೇಲಿನ ಬಚ್ಚಲುಮನೆ ಒಡೆಸಿ ಹೊಸದಾಗಿ ಕಟ್ಟಿಸುತ್ತಿರುವವರು, ದಯವಿಟ್ಟು ಪೂರ್ತಿ ಓದಿ.

ನಮ್ಮದು ಎರಡು ಅಂತಸ್ತಿನ ಹಳೆಯ ಮನೆ. ಮಾರಬೇಕೆಂದು ತೀರ್ಮಾನಿಸಿದ್ದೆವು. ಮೇಲಿನ ಬಚ್ಚಲುಮನೆಯ ಕಬ್ಬಿಣದ ಕೊಳವೆಗಳು ತುಕ್ಕು ಹಿಡಿದಿದ್ದವು, ನೆಲದ ಟೈಲ್ಸ್ ಅಲ್ಲಲ್ಲಿ ಎದ್ದಿದ್ದವು. ಹೀಗೇ ತೋರಿಸಿದರೆ ಕೊಳ್ಳುವವರು ಆ ಒಂದು ಕೋಣೆಯನ್ನೇ ಹಿಡಿದು ಬೆಲೆ ಇಳಿಸುತ್ತಾರೆ, ಅದನ್ನೊಂದು ಸರಿ ಮಾಡಿಸಿಬಿಡೋಣ ಎಂದುಕೊಂಡೆವು. ನಮ್ಮ ಮನೆಯವರು ಕೆಲಸದ ಮೇಲೆ ಬೇರೆ ಊರಿನಲ್ಲಿರುತ್ತಾರೆ. ಆದ್ದರಿಂದ ಗುತ್ತಿಗೆದಾರನನ್ನು ಹುಡುಕಿದ್ದು, ಮಾತಾಡಿದ್ದು, ಹಣ ಕೊಟ್ಟಿದ್ದು ಎಲ್ಲವೂ ನಾನೇ. ಪರಿಚಯದವರು ಹೇಳಿದ ವ್ಯಕ್ತಿ. ಬಂದ, ಅಳತೆ ತೆಗೆದುಕೊಂಡ, ಒಂದು ಹಾಳೆಯಲ್ಲಿ 'ಬಚ್ಚಲುಮನೆ ಕೆಲಸ, ಸಾಮಾನು ಸಮೇತ' ಎಂದು ಬರೆದು ಕೆಳಗೆ ಒಟ್ಟು ಮೊತ್ತ ಹಾಕಿದ. ಅಷ್ಟೇ. ಆ ಒಂದು ಸಾಲಿನ ಹಾಳೆಯನ್ನು ನಾನು ಕರಾರು ಎಂದು ತಿಳಿದು ಬೀರುವಿನಲ್ಲಿ ಇಟ್ಟೆ. ವಾಟರ್‌ಪ್ರೂಫಿಂಗ್ (ನೀರು ಕೆಳಗೆ ಸೋರದಂತೆ ಟೈಲ್ಸ್ ಅಡಿಯಲ್ಲಿ ಬಳಿಯುವ ಲೇಪ) ಎಂಬ ಪದವೇ ಅದರಲ್ಲಿ ಇರಲಿಲ್ಲ. "ಅದೆಲ್ಲಾ ಸೇರಿಯೇ ಇದೆ ಮೇಡಂ, ಅದಿಲ್ಲದೆ ಯಾರಾದರೂ ಬಚ್ಚಲು ಕಟ್ಟುತ್ತಾರೆಯೇ?" ಎಂದ. ಆ ಮಾತನ್ನು ಎಷ್ಟು ಸಹಜವಾಗಿ ಹೇಳಿದನೆಂದರೆ ಮತ್ತೆ ಕೇಳುವುದು ನನಗೇ ಅವಮಾನ ಎನ್ನಿಸಿತು.

ಹಣದ ಮಾತು ಹೀಗಿತ್ತು: ಅರ್ಧ ಮುಂಗಡ. ವಾಟರ್‌ಪ್ರೂಫಿಂಗ್ ಮುಗಿದ ಕೂಡಲೇ ನೂರಕ್ಕೆ 40. ಉಳಿದ ನೂರಕ್ಕೆ 10, ಕೆಲಸ ಮುಗಿದ ದಿನ. ಈಗ ಬರೆಯುವಾಗ ಕೈ ನಡುಗುತ್ತದೆ. ಟೈಲ್ಸ್ ಹಾಕುವ ಮೊದಲೇ ನೂರಕ್ಕೆ 90 ಕೊಟ್ಟು ಕುಳಿತವಳು ನಾನು.

ಒಡೆಯುವ ಕೆಲಸ ಚೆನ್ನಾಗಿಯೇ ನಡೆಯಿತು. ಹೊಸ ಕೊಳವೆ ಹಾಕಿದರು, ನೆಲಕ್ಕೆ ಗಾರೆ ಹಾಕಿ ನೀರು ಹರಿದು ಹೋಗಲು ವಾಟ ಕೊಟ್ಟರು. ಅಷ್ಟರಲ್ಲಿ ನನ್ನ ತಂದೆಯವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಸೋಮವಾರ ಬೆಳಿಗ್ಗೆ ಬೀಗದ ಕೈ ಆತನಿಗೆ ಕೊಟ್ಟು ಹೊರಟೆ. ಹೊರಡುವಾಗ ಒಂದೇ ಮಾತು ಹೇಳಿದೆ: "ಟೈಲ್ಸ್ ಹಾಕುವ ಮೊದಲು ತೂತು ಮುಚ್ಚಿ ನೆಲದ ಮೇಲೆ ನೀರು ನಿಲ್ಲಿಸಿ, ಸೋರುತ್ತದೆಯೇ ನೋಡಿ, ನನಗೆ ತಿಳಿಸಿ." "ನೀವು ಅಪ್ಪಾಜಿಯವರನ್ನು ನೋಡಿಕೊಳ್ಳಿ ಮೇಡಂ, ಇದು ನನ್ನ ಮನೆ ಎಂದುಕೊಂಡು ಮಾಡುತ್ತೇನೆ" ಎಂದ.

ಬುಧವಾರ ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಿದ್ದಾಗ ಮೊಬೈಲಿಗೆ ಫೋಟೋ ಬಂತು. ಬಾಗಿಲಲ್ಲಿ ನಿಂತು ತೆಗೆದದ್ದು. ನೆಲದಿಂದ ಗೋಡೆಯ ಮೇಲಕ್ಕೆ ನೀಟಾಗಿ ಬೂದು ಬಣ್ಣದ ಲೇಪ. ಮೂಲೆಗಳಲ್ಲಿ ಪಟ್ಟಿ ಅಂಟಿಸಿದ್ದು ಕಾಣುತ್ತಿತ್ತು. ಎದುರು ಮೂಲೆಯಲ್ಲಿ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ ಮುಚ್ಚಿತ್ತು. ಕೆಳಗೆ ಬರೆದಿದ್ದ: "ಎರಡು ಕೋಟ್ ಆಯಿತು ಮೇಡಂ. ಹಣ ಹಾಕಿದರೆ ಹುಡುಗರಿಗೆ ಕೊಡಬಹುದು." ನಾನು ಏನು ಮಾಡಿದೆ ಗೊತ್ತೇ? "ತುಂಬಾ ಚೆನ್ನಾಗಿ ಬಂದಿದೆ, ಧನ್ಯವಾದ" ಎಂದು ಬರೆದೆ. ಹತ್ತು ನಿಮಿಷದಲ್ಲಿ ಹಣ ಹಾಕಿದೆ. ತಂದೆಯ ಚಿಂತೆಯ ನಡುವೆ ಒಂದು ಕೆಲಸವಾದರೂ ಸರಿಯಾಗಿ ಆಗುತ್ತಿದೆಯಲ್ಲ ಎಂದು ನಿಜವಾಗಿಯೂ ಸಮಾಧಾನಪಟ್ಟುಕೊಂಡೆ. ಆ ಸಮಾಧಾನ ನೆನೆದರೆ ಈಗ ಹೊಟ್ಟೆ ಉರಿಯುತ್ತದೆ.

ಶುಕ್ರವಾರ ಬೆಳಿಗ್ಗೆ ಮನೆಗೆ ಬಂದರೆ ನೆಲದ ಟೈಲ್ಸ್ ಹಾಕಿ ಮುಗಿದಿತ್ತು. "ನೀರು ನಿಲ್ಲಿಸಿ ನೋಡಿದಿರಾ?" ಎಂದೆ. "ಎರಡು ದಿನ ನಿಲ್ಲಿಸಿದ್ದೆವು ಮೇಡಂ, ಒಂದು ಹನಿಯೂ ಇಳಿಯಲಿಲ್ಲ."

ಬುಧವಾರ ಸಂಜೆಯಿಂದ ಶುಕ್ರವಾರ ಬೆಳಿಗ್ಗೆಗೆ ಎಷ್ಟು ಗಂಟೆ? 36 ಗಂಟೆಯೋ 38 ಗಂಟೆಯೋ. ಅಷ್ಟರಲ್ಲಿ ಲೇಪ ಒಣಗಬೇಕು, 48 ಗಂಟೆ ನೀರು ನಿಲ್ಲಬೇಕು, ನೀರು ತೆಗೆಯಬೇಕು, ಟೈಲ್ಸ್ ಹಾಕಬೇಕು. ಬೆರಳು ಎಣಿಸಿದ್ದರೆ ಸಾಕಿತ್ತು, ಸುಳ್ಳು ಅಲ್ಲೇ ಸಿಕ್ಕಿಬೀಳುತ್ತಿತ್ತು. ನಾನು ಎಣಿಸಲಿಲ್ಲ. ನಾಲ್ಕು ರಾತ್ರಿ ನಿದ್ದೆಗೆಟ್ಟು ಬಂದಿದ್ದೆ, ಟೈಲ್ಸ್ ಬಿಳಿಯಾಗಿ ಹೊಳೆಯುತ್ತಿತ್ತು, ಅಂಚಿನ ಹಸಿರು ಪಟ್ಟಿ ನಾನೇ ಆರಿಸಿದ್ದು. ಕೆಲಸ ಮುಗಿದ ದಿನ ಉಳಿದ ಹಣವನ್ನೂ ಕೊಟ್ಟುಬಿಟ್ಟೆ.

ಮೂರು ತಿಂಗಳಾಗಿರಬೇಕು. ಕೆಳಗಿನ ಕೋಣೆಯ ಸೂರಿನಲ್ಲಿ ತಟ್ಟೆಯಗಲದ ಹಳದಿ ಕಲೆ ಕಂಡಿತು. ವಾರದಲ್ಲಿ ಬಣ್ಣ ಉಬ್ಬಿತು, ಮುಟ್ಟಿದರೆ ಬಿಳಿ ಪುಡಿ ಉದುರಿತು. ಗಾರೆಯೊಳಗಿನ ಲವಣವನ್ನು ನೀರು ಕರಗಿಸಿ ಹೊರಗೆ ತಂದಾಗ ಹಾಗೆ ಪುಡಿ ಕಟ್ಟುತ್ತದೆ ಎಂದು ಆಮೇಲೆ ತಿಳಿಯಿತು. ಅಂದರೆ ನೀರು ಎಷ್ಟೋ ದಿನದಿಂದ ಇಳಿಯುತ್ತಲೇ ಇತ್ತು.

ಆತನಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಒಂದೊಂದಾಗಿ ಬರೆಯುತ್ತೇನೆ, ಏಕೆಂದರೆ ನಿಮಗೂ ಇದೇ ಉತ್ತರಗಳು ಸಿಗಬಹುದು.

ಮೊದಲ ಸಲ: "ಹೊಸ ಕೆಲಸವಲ್ಲವೇ ಮೇಡಂ, ಒಳಗಿನ ತೇವ ಹೊರಗೆ ಬರುತ್ತಿದೆ. ತಾನಾಗಿಯೇ ಒಣಗುತ್ತದೆ." ಮೂರು ತಿಂಗಳ ಮೇಲೆ ಕಾಣಿಸಿಕೊಂಡು ದಿನದಿನಕ್ಕೆ ದೊಡ್ಡದಾಗುವ ತೇವ! ನಂಬಿ ಹದಿನೈದು ದಿನ ಕಾದೆ.

ಎರಡನೇ ಸಲ: "ಟೈಲ್ಸ್ ಸಂದಿಯ ಗ್ರೌಟ್ ಬಿಟ್ಟಿರಬೇಕು." ಒಬ್ಬ ಹುಡುಗನನ್ನು ಕಳುಹಿಸಿದ. ಅವನು ಸಂದಿಗಳಿಗೆ ಬಿಳಿ ಸಿಮೆಂಟ್ ಮೆತ್ತಿ ಹೋದ. ಸಿಮೆಂಟಿನ ಗ್ರೌಟ್ ನೀರು ತಡೆಯುವ ವಸ್ತುವೇ ಅಲ್ಲ, ಅದು ನೀರು ಹೀರುತ್ತದೆ. ನೀರು ತಡೆಯಬೇಕಾದದ್ದು ಟೈಲ್ಸ್ ಕೆಳಗಿನ ಲೇಪ. ಇದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದಿದ್ದವಳು ನಾನು.

ಮೂರನೇ ಸಲ: "ನೀವು ಆ್ಯಸಿಡ್ ಹಾಕಿ ತೊಳೆದಿದ್ದೀರಿ, ಅದಕ್ಕೇ ಹೀಗಾಗಿದೆ." ನನ್ನ ಮನೆಯಲ್ಲಿ ಆ್ಯಸಿಡ್ ಬಾಟಲಿಯೇ ಇಲ್ಲ. ಹಾಗೆಂದರೆ, "ಕೆಲಸದವರು ಹಾಕಿರುತ್ತಾರೆ, ನಿಮಗೆ ಗೊತ್ತಾಗಿರುವುದಿಲ್ಲ" ಎಂದ.

ನಾಲ್ಕನೇ ಸಲ ನಾನು ದನಿ ಏರಿಸಿದೆ. ಆಗ, "ಮೇಡಂ, ನಿಮಗೆ ಇದೆಲ್ಲಾ ಅರ್ಥವಾಗುವುದಿಲ್ಲ, ನಿಮ್ಮ ಯಜಮಾನರ ಹತ್ತಿರ ಮಾತಾಡುತ್ತೇನೆ." ಹಣ ತೆಗೆದುಕೊಳ್ಳುವಾಗ ಯಜಮಾನರು ನೆನಪಾಗಲಿಲ್ಲ! ನಮ್ಮ ಮನೆಯವರು ತಾವೇ ಫೋನ್ ಮಾಡಿದರೆ ಎತ್ತಲಿಲ್ಲ.

ಅಷ್ಟರಲ್ಲಿ ಮನೆ ಕೊಳ್ಳಲು ಒಂದು ಕುಟುಂಬ ಒಪ್ಪಿತ್ತು. ಗಂಡ ಹೆಂಡತಿ, ಒಬ್ಬ ಮಗಳು. ಕಲೆ ಬೀಳುವ ಮೊದಲೇ ನೋಡಿ ಹೋಗಿದ್ದರು, ಬೆಲೆಯೂ ಬಾಯಿಮಾತಿನಲ್ಲಿ ನಿಂತಿತ್ತು, ಮುಂದಿನ ವಾರ ಮುಂಗಡ ಕೊಟ್ಟು ಕರಾರು ಬರೆಸುವುದಿತ್ತು. ಅದನ್ನು ಆತನಿಗೆ ಹೇಳಿ ಬೇಡಿಕೊಂಡೆ. ಹೌದು, ಬೇಡಿಕೊಂಡೆ. ಅದಕ್ಕೆ ಆತ ಹೇಳಿದ ಮಾತು ಇದು: "ಹಾಗಾದರೆ ಚಿಂತೆ ಏಕೆ ಮೇಡಂ? ಕಲೆಯ ಮೇಲೆ ಪುಟ್ಟಿ ಎಳೆದು ಬಣ್ಣ ಹೊಡೆಸುತ್ತೇನೆ. ಎರಡು ತಿಂಗಳು ಕಾಣುವುದಿಲ್ಲ. ಮಾರಿಬಿಡಿ."

ಫೋನ್ ಇಟ್ಟು ಸುಮ್ಮನೆ ಕುಳಿತೆ. ನನಗೆ ಮಾಡಿದ್ದನ್ನು ನಾನು ಇನ್ನೊಬ್ಬರಿಗೆ ಮಾಡಬೇಕು ಎಂದು ಹೇಳುತ್ತಿದ್ದಾನೆ, ಅದೂ ಉಪಕಾರ ಮಾಡುವವನ ಹಾಗೆ. ಸುಳ್ಳು ಹೇಳುವುದಿಲ್ಲ, ಆ ರಾತ್ರಿ ನಾನೂ ಯೋಚಿಸಿದೆ. ಆ ಹಣಕ್ಕೆ ನಮಗೆ ಬೇರೆ ಬಾಧ್ಯತೆಗಳಿದ್ದವು. ಬೆಳಿಗ್ಗೆ ಕೊಳ್ಳಲಿದ್ದ ಆ ಕುಟುಂಬಕ್ಕೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬಂದು ನೋಡಿದರು, ಸೂರನ್ನು ದಿಟ್ಟಿಸಿದರು, "ಹೇಳಿದ್ದಕ್ಕೆ ಧನ್ಯವಾದ" ಎಂದು ಹೋದರು. ಮತ್ತೆ ಬರಲಿಲ್ಲ. ಅವರ ತಪ್ಪೇನೂ ಇಲ್ಲ. ನಾನಾಗಿದ್ದರೂ ಹೋಗುತ್ತಿದ್ದೆ.

ಕೊನೆಗೆ ಬೇರೆ ಒಬ್ಬ ಹಿರಿಯ ಗಾರೆ ಮೇಸ್ತ್ರಿಯನ್ನು ಕರೆಸಿದೆ. ಅವರು ಬಂದು ಮೊದಲು ಸುತ್ತಿಗೆಯ ಹಿಡಿಯಿಂದ ಟೈಲ್ಸ್ ಮೇಲೆ ಮೆಲ್ಲಗೆ ತಟ್ಟುತ್ತಾ ಹೋದರು. ಅಲ್ಲಲ್ಲಿ ಟೊಳ್ಳು ಶಬ್ದ. "ಅಮ್ಮ, ಕೆಳಗೆ ಪೂರ್ತಿ ಗಾರೆ ಇಲ್ಲ, ಐದೈದು ಉಂಡೆ ಇಟ್ಟು ಒತ್ತಿದ್ದಾರೆ" ಎಂದರು. ಒಂದು ಟೈಲ್ ಎಬ್ಬಿಸಿದರು. ಅವರು ಹೇಳಿದ ಹಾಗೆಯೇ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಉಂಡೆ, ಉಳಿದ ಜಾಗದಲ್ಲಿ ನೀರು ನಿಂತಿತ್ತು. ಅದರ ಕೆಳಗೆ ಬರಿಯ ಗಾರೆ ನೆಲ. ಕೈಯಿಂದ ಒರೆಸಿದರು, ಉಳಿಯಿಂದ ಕೆರೆದರು. "ಇಲ್ಲಿ ಏನೂ ಹಾಕಿಯೇ ಇಲ್ಲವಲ್ಲ ಅಮ್ಮ."

"ಹಾಕಿದ್ದಾರೆ, ನನ್ನ ಹತ್ತಿರ ಫೋಟೋ ಇದೆ" ಎಂದೆ. ಇನ್ನೂ ಆತನ ಪರವಾಗಿಯೇ ಮಾತಾಡುತ್ತಿದ್ದೆ ನಾನು! ಮೊಬೈಲ್ ತೆಗೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಬಚ್ಚಲನ್ನೊಮ್ಮೆ ನೋಡಿದರು. ಮತ್ತೆ ಫೋಟೋ ನೋಡಿದರು. "ಇದು ನಿಮ್ಮ ಬಚ್ಚಲಲ್ಲ ಅಮ್ಮ."

ಫೋಟೋದಲ್ಲಿ ನೀರು ಹೋಗುವ ತೂತು ಎದುರು ಗೋಡೆಯ ಮೂಲೆಯಲ್ಲಿದೆ. ನಮ್ಮ ಮನೆಯಲ್ಲಿ ಅದು ಬಾಗಿಲ ಪಕ್ಕದಲ್ಲಿ, ಹೊಸ್ತಿಲಿಗೆ ಒಂದು ಗೇಣು ದೂರದಲ್ಲಿದೆ. ಹತ್ತೊಂಬತ್ತು ವರ್ಷ ಇದೇ ಬಚ್ಚಲಲ್ಲಿ ಸ್ನಾನ ಮಾಡಿದ್ದೇನೆ, ಇದೇ ಜಾಲರಿಯನ್ನು ಉಜ್ಜಿ ತೊಳೆದಿದ್ದೇನೆ. ಆ ಫೋಟೋವನ್ನು ಎಷ್ಟು ಸಲ ನೋಡಿರಬಹುದು? ತಂದೆಯವರಿಗೂ ತೋರಿಸಿದ್ದೆ, "ನೋಡಿ, ಕೆಲಸ ಎಷ್ಟು ಚೆನ್ನಾಗಿ ಆಗುತ್ತಿದೆ" ಎಂದು. ಒಂದು ಸಲವೂ ಕಾಣಲಿಲ್ಲ. ಯಾರದೋ ಮನೆಯ ಬಚ್ಚಲನ್ನು ನೋಡಿ ನನ್ನದೆಂದು ಹಣ ಕೊಟ್ಟೆ. ಯಾರದೋ ಮನೆಯ ಬಚ್ಚಲಿಗೆ ಧನ್ಯವಾದ ಹೇಳಿದೆ.

ಅಲ್ಲೇ ನಿಂತು ಆತನಿಗೆ ಸಂದೇಶ ಕಳುಹಿಸಿದೆ. ಬಂದ ಉತ್ತರ: "ಹುಡುಗ ತಪ್ಪಿ ಬೇರೆ ಫೋಟೋ ಕಳುಹಿಸಿರಬಹುದು ಮೇಡಂ. ಕೆಲಸ ಮಾಡಿದ್ದು ನಿಜ." ಎಬ್ಬಿಸಿದ ನೆಲದ ಚಿತ್ರ ಕಳುಹಿಸಿದೆ. "ಒಡೆಯುವಾಗ ಲೇಪ ಕಿತ್ತು ಬಂದಿರುತ್ತದೆ." ಎಬ್ಬಿಸಿದ ಟೈಲಿನ ಬೆನ್ನಿನ ಚಿತ್ರ ಕಳುಹಿಸಿದೆ, ಅದರಲ್ಲೂ ಎಲ್ಲೂ ಬೂದು ಲೇಪ ಇಲ್ಲ. ಆಗ ಬಂದದ್ದು ಕೊನೆಯ ಉತ್ತರ: "ಚೆನ್ನಾಗಿ ಬಂದಿದೆ ಎಂದು ನೀವೇ ಬರೆದಿದ್ದೀರಿ. ನನ್ನ ಹತ್ತಿರ ಇದೆ." ಅಂದಿನಿಂದ ಫೋನ್ ಎತ್ತುತ್ತಿಲ್ಲ. ವಕೀಲರೊಬ್ಬರನ್ನು ಕೇಳಿದೆ. ಆ ಒಂದು ಸಾಲಿನ ಹಾಳೆ ನೋಡಿ, "ಇದರಲ್ಲಿ ಏನು ಮಾಡುತ್ತೇನೆಂದು ಆತ ಬರೆದೇ ಇಲ್ಲವಲ್ಲ" ಎಂದರು.

ಈಗ ನಾನು ಹೇಳುವುದನ್ನು ಕೇಳಿ. ಕರಾರಿನಲ್ಲಿ ವಾಟರ್‌ಪ್ರೂಫಿಂಗ್ ಎಂದು ಬರೆಸಿ, ಯಾವ ವಸ್ತು, ಎಷ್ಟು ಕೋಟ್, ಗೋಡೆಯ ಮೇಲೆ ಎಷ್ಟು ಎತ್ತರ ಎಂದು ಬರೆಸಿ. ಎರಡು ಕೋಟ್ ಬೇಕೇ ಬೇಕು, ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡವಾಗಿ ಎಳೆಯಬೇಕು. ಸುತ್ತ ಗೋಡೆಗೆ ಒಂದು ಅಡಿಯಾದರೂ, ಮೈಮೇಲೆ ನೀರು ಬೀಳುವ ಕಡೆ ಆಳೆತ್ತರಕ್ಕೆ ಏರಬೇಕು. ಡಬ್ಬಿಯ ಮೇಲೆ ಎಷ್ಟು ಜಾಗಕ್ಕೆ ಬರುತ್ತದೆ, ಎಷ್ಟು ಹೊತ್ತು ಒಣಗಬೇಕು ಎಂದು ಬರೆದಿರುತ್ತದೆ. ನಿಮ್ಮ ನೆಲದ ಅಳತೆ ಹಾಕಿ ಡಬ್ಬಿಗಳನ್ನು ಎಣಿಸಿ. ಎಣಿಸಿ, ನನ್ನ ಹಾಗೆ ಎಣಿಸದೆ ಬಿಡಬೇಡಿ. ಲೇಪ ಒಣಗಿದ ಮೇಲೆ ತೂತು ಮುಚ್ಚಿ ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಪಕ್ಕದಲ್ಲೇ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗುರುತು ಹಾಕಿ. ಸ್ವಲ್ಪ ನೀರು ಆವಿಯಾಗುವುದು ಸಹಜ, ಆದರೆ ಬಕೆಟ್ಟಿಗಿಂತ ನೆಲದ ನೀರು ಹೆಚ್ಚು ಇಳಿದರೆ ಸೋರುತ್ತಿದೆ ಎಂದೇ ಅರ್ಥ. 24 ಗಂಟೆ ಸಾಕು ಎನ್ನುವವರಿದ್ದಾರೆ, ನೀವು 48 ಗಂಟೆ ನಿಲ್ಲಿಸಿ. ಕೆಳಗಿನ ಸೂರನ್ನು ನಿಮ್ಮ ಕಣ್ಣಿಂದಲೇ ನೋಡಿ. ಗೋಡೆಯೊಳಗಿನ ಕೊಳವೆಗಳನ್ನೂ ಗಾರೆ ಮುಚ್ಚುವ ಮೊದಲೇ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿ.

ಮನೆಯಲ್ಲಿ ಇರಲು ಆಗದಿದ್ದರೆ ಕೆಲಸ ನಿಲ್ಲಿಸಿ ಹೋಗಿ. ನಾಲ್ಕು ದಿನ ತಡವಾದರೆ ಆಕಾಶ ಕಳಚಿ ಬೀಳುವುದಿಲ್ಲ. ಅಷ್ಟೂ ಆಗದಿದ್ದರೆ ವಿಡಿಯೋ ಕರೆ ಮಾಡಿ, ನಿಮ್ಮ ಮುಂಬಾಗಿಲಿನಿಂದ ಬಚ್ಚಲಿನ ತನಕ ನಡೆದು ತೋರಿಸಲು ಹೇಳಿ. ಹಣ ಕೇಳುವ ಸಂದೇಶಕ್ಕೆ 'ಚೆನ್ನಾಗಿದೆ' ಎಂದು ಮಾತ್ರ ಬರೆಯಲೇಬೇಡಿ. ಕೊನೆಯ ಕಂತು ಸಣ್ಣದಾಗಿರಬಾರದು, ಮತ್ತು ಒಂದೆರಡು ತಿಂಗಳು ಬಳಸಿದ ಮೇಲೆಯೇ ಕೊಡುವುದೆಂದು ಮೊದಲೇ ಮಾತಾಡಿಕೊಳ್ಳಿ. ಒಪ್ಪದವನು ಬೇಡ.

ಕೊಳ್ಳುವವರಿಗೂ ಒಂದು ಮಾತು. ಹಳೆಯ ಮನೆಯಲ್ಲಿ ಒಂದೇ ಒಂದು ಕೋಣೆಯ ಸೂರಿಗೆ ಹೊಸ ಬಣ್ಣ ಬಳಿದಿದ್ದರೆ, ಅದರ ಮೇಲೆ ಏನಿದೆ ಎಂದು ಹತ್ತಿ ನೋಡಿ.

ಇನ್ನು ನಿನ್ನೆ ಹೊಳೆದ ವಿಷಯ. ಕೆಲಸ ಮುಗಿದ ದಿನ ಆತ ನಮ್ಮ ಬಚ್ಚಲಿನ ಫೋಟೋಗಳನ್ನು ತೆಗೆದುಕೊಂಡಿದ್ದ. ನಾಲ್ಕೂ ದಿಕ್ಕಿನಿಂದ, ದೀಪ ಹಾಕಿಸಿ. "ಇಷ್ಟು ಚೆನ್ನಾಗಿ ಬಂದಿದೆ, ಬೇರೆಯವರಿಗೆ ತೋರಿಸಬಹುದೇ ಮೇಡಂ?" ಎಂದು ಕೇಳಿದ್ದ. ನಾನು ಸಂತೋಷದಿಂದ ಒಪ್ಪಿದ್ದೆ. ಆ ಚಿತ್ರಗಳು ಈಗಲೂ ಅವನ ಮೊಬೈಲಿನಲ್ಲಿವೆ. ಬಿಳಿ ಟೈಲ್ಸ್, ಅಂಚಿನಲ್ಲಿ ಹಸಿರು ಪಟ್ಟಿ, ಹೊಸ್ತಿಲಿಗೆ ಒಂದು ಗೇಣು ದೂರದಲ್ಲಿ ನೀರು ಹೋಗುವ ಜಾಲರಿ. ಯಾರಾದರೂ ಇದನ್ನು ತೋರಿಸಿ 'ನಮ್ಮ ಕೆಲಸ' ಎಂದರೆ, ಅದು ನನ್ನ ಮನೆ. ಆ ಟೈಲ್ಸ್ ಈಗ ಒಡೆದು ಹಿತ್ತಿಲಲ್ಲಿ ರಾಶಿ ಬಿದ್ದಿವೆ.