ಹೊದಿಕೆ ಸರಿಸಿ ಬೆನ್ನು ನೋಡಿ: ಅಮ್ಮನನ್ನು ಆರೈಕೆ ಕೇಂದ್ರದಲ್ಲಿ ಬಿಟ್ಟಿದ್ದ ಮಗಳ ಎಚ್ಚರಿಕೆ

ಹಾಸಿಗೆ ಹಿಡಿದ ಹಿರಿಯರನ್ನು ಆರೈಕೆ ಕೇಂದ್ರದಲ್ಲಿ ಬಿಟ್ಟಿರುವವರು, ಬಿಡಬೇಕೆಂದು ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕೇಸು ಇನ್ನೂ ನಡೆಯುತ್ತಿದೆ, ಹಾಗಾಗಿ ಆ ಕೇಂದ್ರದ ಹೆಸರು ಹೇಳುವುದಿಲ್ಲ.

2024ರ ಜುಲೈ ಕೊನೆಯಲ್ಲಿ ಅಮ್ಮನಿಗೆ ಸ್ಟ್ರೋಕ್ ಆಯಿತು. ವಯಸ್ಸು 74, ಇಪ್ಪತ್ತು ವರ್ಷದಿಂದ ಶುಗರ್. ಬಲಗೈ ಬಲಗಾಲು ಸ್ವಾಧೀನ ತಪ್ಪಿತು, ಮಾತು ಹೋಯಿತು. ತಮ್ಮ ಹೊರದೇಶದಲ್ಲಿದ್ದಾನೆ. ನನ್ನದು ಬ್ಯಾಂಕ್ ಕೆಲಸ, ಮನೆ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾದ ದಿನವೇ ಬೆಂಗಳೂರಿನ ಹೊರವಲಯದ ಒಂದು ಕೇಂದ್ರಕ್ಕೆ ಸೇರಿಸಿದೆವು. ತಿಂಗಳಿಗೆ 38 ಸಾವಿರ. ಡೈಪರು, ಔಷಧಿ ಬೇರೆ. ಬೆನ್ನಿನ ಮೇಲಿನ ಒತ್ತಡ ತಗ್ಗಿಸುವ ಏರ್ ಬೆಡ್ಡಿಗೆ 1,500 ಬಾಡಿಗೆ. ಗೇಟಿನ ಬೋರ್ಡಿನ ಮೇಲೆ ‘24 ಗಂಟೆ ನರ್ಸಿಂಗ್’ ಎಂದಿತ್ತು.

ಭಾನುವಾರ ಸಂಜೆ ನಾಲ್ಕರಿಂದ ಐದೂವರೆಯವರೆಗೆ ಮಾತ್ರ ಭೇಟಿ. ನಾನು ಹೋದಾಗಲೆಲ್ಲ ಅಮ್ಮ ಅಂಗಾತ ಮಲಗಿರುತ್ತಿದ್ದಳು. ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿ, ಕುತ್ತಿಗೆವರೆಗೆ ಹೊದಿಕೆ ಎಳೆದಿರುತ್ತಿದ್ದರು. ಆ ವಿಭೂತಿ ನೋಡಿಯೇ ನನಗೆ ಸಮಾಧಾನವಾಗುತ್ತಿತ್ತು. ಹತ್ತಿರ ಕೂತು ಮೈ ಸವರಲು ಹೋದರೆ, “ಈಗಷ್ಟೇ ಕ್ಲೀನ್ ಮಾಡಿ ಮಲಗಿಸಿದ್ದೀವಿ ಮೇಡಂ, ಅಲುಗಾಡಿಸಬೇಡಿ” ಅನ್ನುವರು. ನವೆಂಬರಿನಿಂದ ಮಂಚದ ಪಕ್ಕದ ಕಿಟಕಿಯಲ್ಲಿ ಊದುಬತ್ತಿ ಉರಿಯತೊಡಗಿತು. ದೇವರ ಫೋಟೋ ಇದ್ದದ್ದು ಹಾಲಿನಲ್ಲಿ. ಕಿಟಕಿಯಲ್ಲಿ ಊದುಬತ್ತಿ ಯಾಕೆ ಎಂದು ನಾನು ಕೇಳಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಚಳಿ ಜಾಸ್ತಿ ಇತ್ತು. ಅಮ್ಮನಿಗೆ ಉಲ್ಲನ್ ಕಾಲುಚೀಲ ತೊಡಿಸೋಣವೆಂದು ಕಾಲಿನ ಕಡೆಯ ಹೊದಿಕೆ ಎತ್ತಿದೆ. ಬಲ ಹಿಮ್ಮಡಿ ಇದ್ದಿಲಿನಷ್ಟು ಕಪ್ಪಗಿತ್ತು. ಕಾಲು ಮುಟ್ಟಿದ ತಕ್ಷಣ ಮಾತಿಲ್ಲದ ಅಮ್ಮ ಒಂದು ಸದ್ದು ಮಾಡಿದಳು, ಅದನ್ನು ಬರೆಯಲು ನನ್ನಿಂದಾಗದು. ಆಯಾ ತಡೆಯುತ್ತಿದ್ದರೂ ಅಮ್ಮನನ್ನು ಪಕ್ಕಕ್ಕೆ ಹೊರಳಿಸಿದೆ. ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಜಾಗದಲ್ಲಿ ನನ್ನ ಅಂಗೈ ಅಗಲದ ಹಳ್ಳ. ಊದುಬತ್ತಿ ಯಾಕೆಂದು ಆಗ ತಿಳಿಯಿತು. ಮಂಚದ ಕೆಳಗೆ ಏರ್ ಬೆಡ್ಡಿನ ಮೋಟರ್ ಇತ್ತು, ಅದರ ಪ್ಲಗ್ ನೆಲದ ಮೇಲೆ ಬಿದ್ದಿತ್ತು.

ಮ್ಯಾನೇಜರ್ ಬಂದು, “ಮೂರು ದಿನದಿಂದ ಸ್ವಲ್ಪ ಚರ್ಮ ಸುಲಿದಿದೆ ಅಷ್ಟೇ, ಪೌಡರ್ ಹಾಕ್ತಿದ್ದೀವಿ” ಎಂದರು. ಅದೇ ರಾತ್ರಿ ಆಸ್ಪತ್ರೆಯಲ್ಲಿ ಸರ್ಜನ್ ಗಾಯದ ಅಂಚು ತೋರಿಸಿದರು. ಅಂಚು ಗಟ್ಟಿಯಾಗಿ ಒಳಕ್ಕೆ ಮಡಚಿಕೊಂಡಿತ್ತು. “ಇದು ಮೂರು ದಿನದ್ದಲ್ಲಮ್ಮ, ವಾರಗಟ್ಟಲೆ ಹಳೇದು. ಸ್ಟೇಜ್ 4” ಎಂದರು. ಬೆಡ್ ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣಿಗೆ ನಾಲ್ಕು ಹಂತ. ಒಂದನೇ ಹಂತದಲ್ಲಿ ಚರ್ಮ ಒಡೆದಿರುವುದಿಲ್ಲ, ಬಣ್ಣ ಮಾತ್ರ ಬದಲಾಗಿರುತ್ತದೆ. ಎರಡನೆಯದರಲ್ಲಿ ಮೇಲಿನ ಚರ್ಮ ಕಿತ್ತಿರುತ್ತದೆ ಅಥವಾ ಬೊಕ್ಕೆ ಎದ್ದಿರುತ್ತದೆ. ಮೂರರಲ್ಲಿ ಕೊಬ್ಬು ಕಾಣುತ್ತದೆ, ನಾಲ್ಕರಲ್ಲಿ ಸ್ನಾಯು, ಮೂಳೆ. ಕೊಳೆತ ಮಾಂಸ ತೆಗೆಯಲು ಎರಡು ಸಲ ಆಪರೇಷನ್ ಮಾಡಿದರು. 23 ದಿನ ಅಲ್ಲಿದ್ದೆವು, ಬಿಲ್ಲು 4 ಲಕ್ಷ 60 ಸಾವಿರ.

ಬೆಡ್ ಸೋರ್ ವಯಸ್ಸಾದವರಿಗೆ ಬಂದೇ ಬರುತ್ತದೆ ಎಂದು ನಾನೂ ನಂಬಿದ್ದೆ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯುವುದು ನಿಂತಾಗ ಅದು ಆಗುವುದು. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಒದ್ದೆ ಡೈಪರ್ ಕೂಡಲೇ ತೆಗೆದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನ ಕೆಳಗೆ ದಿಂಬು ಕೊಟ್ಟು, ಪ್ರೋಟೀನ್ ಇರುವ ಆಹಾರ ಕೊಟ್ಟರೆ ಬಹುತೇಕ ತಡೆಯಬಹುದು. ಕೆಂಪಾದ ಜಾಗವನ್ನು ಉಜ್ಜಿ ಮಸಾಜ್ ಮಾಡಬಾರದು, ನಡುವೆ ತೂತಿರುವ ರಬ್ಬರ್ ರಿಂಗ್ ಮೇಲೆ ಕೂರಿಸಬಾರದು; ಎರಡರಿಂದಲೂ ಗಾಯ ಹೆಚ್ಚುತ್ತದೆ. ಇನ್ನೊಂದು ಮಾತು: ನಮ್ಮ ಮೈಬಣ್ಣದಲ್ಲಿ ಆ ಮೊದಲ ಕೆಂಪು ಸರಿಯಾಗಿ ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಕಪ್ಪಗೆ ಅಥವಾ ನೇರಳೆಯಾಗಿದೆಯೇ ನೋಡಿ. ಮುಟ್ಟಿದರೆ ಬಿಸಿಯಾಗಿ, ಗಟ್ಟಿಯಾಗಿ ಅಥವಾ ಮೆತ್ತಗೆ ಸಿಕ್ಕರೂ ಅನುಮಾನ ಪಡಿ.

ನಾನು ಮಾಡಿದ ದೊಡ್ಡ ತಪ್ಪು ಆ ಭಾನುವಾರ ಸಂಜೆಯದೇ. ಆಂಬುಲೆನ್ಸ್ ಗೇಟಿನಲ್ಲಿ ನಿಂತಿತ್ತು, ಅಮ್ಮ ನರಳುತ್ತಿದ್ದಳು. ಮ್ಯಾನೇಜರ್ ಒಂದು ಹಾಳೆ ಹಿಡಿದು, “ಸೈನ್ ಮಾಡದೆ ಹೊರಗೆ ಬಿಡೋಕಾಗಲ್ಲ” ಎಂದರು. ‘ಸ್ವಇಚ್ಛೆಯಿಂದ ಕರೆದೊಯ್ಯುತ್ತಿದ್ದೇವೆ, ಸೇವೆಯ ಬಗ್ಗೆ ಯಾವ ದೂರೂ ಇಲ್ಲ’ ಎಂದು ಅದರಲ್ಲಿತ್ತು. ಓದದೆ ಸಹಿ ಹಾಕಿದೆ. ಇವತ್ತಿಗೂ ಆ ಹಾಳೆಯೇ ಅವರ ಮೊದಲ ಆಯುಧ. ನಿಮಗೆ ಅಂಥ ಹೊತ್ತು ಬಂದರೆ ಸಹಿಯ ಮೇಲುಗಡೆ ಕೈಬರಹದಲ್ಲಿ ‘ಬೆನ್ನಿನಲ್ಲಿ ಗಾಯವಿದೆ, ಆಕ್ಷೇಪಣೆ ಇದೆ’ ಎಂದು ಬರೆದು, ದಿನಾಂಕ, ಗಂಟೆ ಹಾಕಿ, ಫೋಟೋ ತೆಗೆದುಕೊಂಡು ಹೊರಡಿ.

ಒಂದು ಕೆಲಸ ಮಾತ್ರ ಆ ಗಾಬರಿಯಲ್ಲೂ ಮಾಡಿದ್ದೆ. ಗಾಯ, ಹಿಮ್ಮಡಿ, ಬಿದ್ದಿದ್ದ ಪ್ಲಗ್, ಮಂಚಕ್ಕೆ ನೇತುಹಾಕಿದ್ದ ಚಾರ್ಟು, ಎಲ್ಲದರ ಫೋಟೋ ತೆಗೆದಿದ್ದೆ. ಅದೇ ನಮ್ಮನ್ನು ಉಳಿಸಿದ್ದು. ಆ ಚಾರ್ಟಿನಲ್ಲಿ ಎರಡು ಗಂಟೆಗೊಮ್ಮೆ ಎಡ, ಬಲ, ಅಂಗಾತ ಎಂದು ಒಂದೇ ಪೆನ್ನಿನಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದಿದ್ದರು. ಮೂರು ತಿಂಗಳಾದ ಮೇಲೆ ವಕೀಲರು ಫೋಟೋವನ್ನು ದೊಡ್ಡದು ಮಾಡಿ ನೋಡುತ್ತ, “ನವೆಂಬರ್ 21ರಂದು ಅಮ್ಮ ಎಲ್ಲಿದ್ದರು?” ಎಂದು ಕೇಳಿದರು. ಅವತ್ತು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಅಮ್ಮನನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿದ್ದವಳು ನಾನೇ, ಬಿಲ್ಲಿನಲ್ಲಿ ಸಮಯವೂ ಇದೆ. ಚಾರ್ಟಿನಲ್ಲಿ ಹನ್ನೆರಡು ಗಂಟೆಗೆ ‘ಎಡಕ್ಕೆ’, ಎರಡು ಗಂಟೆಗೆ ‘ಬಲಕ್ಕೆ’ ಎಂದಿತ್ತು. ನಾವು ಆಮೇಲೆ ದಾಖಲೆ ಕೇಳಿದಾಗ ಅವರು ಕೊಟ್ಟ ಚಾರ್ಟಿನಲ್ಲಿ ಆ ದಿನದ ಹಾಳೆಯೇ ಇರಲಿಲ್ಲ.

ದಾಖಲೆಗಳನ್ನು ಮೊದಲ ವಾರದಲ್ಲೇ ಲಿಖಿತವಾಗಿ ಕೇಳಿ. ರೋಗಿ ಅಥವಾ ಅಧಿಕೃತ ಸಂಬಂಧಿ ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು ವೈದ್ಯರ 2002ರ ವೃತ್ತಿ ನಿಯಮಾವಳಿಯಲ್ಲೇ ಇದೆ. ಇಮೇಲ್ ಕಳಿಸಿ, ಜೊತೆಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಹೊಸ ಆಸ್ಪತ್ರೆಗೆ ಸೇರಿಸುವಾಗ ಡಾಕ್ಟರಿಗೆ ಕೈಮುಗಿದು ಕೇಳಿ: ಗಾಯ ಯಾವ ಹಂತದ್ದು, ಎಷ್ಟು ಸೆಂಟಿಮೀಟರ್, ದಾಖಲಾಗುವ ಹೊತ್ತಿಗೇ ಇತ್ತು ಎಂಬುದನ್ನು ಕೇಸ್ ಶೀಟಿನಲ್ಲಿ ಬರೆಯಲಿ. ಹಿಂದಿನ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಬೆಡ್ ಸೋರ್ ಇಲ್ಲ’ ಎಂಬ ಒಂದು ಸಾಲಿತ್ತು. ಕೇಂದ್ರದವರು ‘ಬರುವಾಗಲೇ ಇತ್ತು’ ಎಂದಾಗ ಅದಕ್ಕೆ ಉತ್ತರ ಕೊಟ್ಟಿದ್ದು ಆ ಒಂದು ಸಾಲು.

ಇನ್ನು ಕಾನೂನಿನ ದಾರಿ. ನಾವು ಮೊದಲು ಹೋದದ್ದು ಪೊಲೀಸ್ ಠಾಣೆಗೆ. “ಇದು ಸಿವಿಲ್ ಮ್ಯಾಟರ್ ಅಮ್ಮಾ” ಎಂದು ಕಳಿಸಿದರು. ಹಾಗೇನಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಲ್ಲಿ, ಪ್ರಾಣಕ್ಕೆ ಅಪಾಯ ತರುವಂಥ ನಿರ್ಲಕ್ಷ್ಯದಿಂದ ತೀವ್ರ ಗಾಯವಾದರೆ ಮೂರು ವರ್ಷದವರೆಗೆ ಶಿಕ್ಷೆ ಇದೆ. ಹದಿನೈದು ದಿನ ತೀವ್ರ ನೋವಿನಲ್ಲಿ ನರಳಿದರೂ ಅದು ತೀವ್ರ ಗಾಯವೇ. ನಿರ್ಲಕ್ಷ್ಯದಿಂದ ಸಾವಾದರೆ 106ನೇ ಕಲಮು. 357ನೇ ಕಲಮಂತೂ ನಮ್ಮಂಥವರಿಗಾಗಿಯೇ ಬರೆದಂತಿದೆ: ಅಸಹಾಯಕರನ್ನು ನೋಡಿಕೊಳ್ಳಲು ಒಪ್ಪಂದ ಮಾಡಿಕೊಂಡು ಬೇಕೆಂದೇ ನೋಡಿಕೊಳ್ಳದಿದ್ದರೆ ಅದು ಅಪರಾಧ. ಶಿಕ್ಷೆ ಮಾತ್ರ ತೀರಾ ಕಡಿಮೆ, ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. ಆದರೆ ವೈದ್ಯರನ್ನು ಕ್ರಿಮಿನಲ್ ಕೇಸಿನಲ್ಲಿ ಸೇರಿಸಬೇಕಾದರೆ ಸಾಮಾನ್ಯ ತಪ್ಪು ಸಾಲದು, ಘೋರ ನಿರ್ಲಕ್ಷ್ಯ ತೋರಿಸಬೇಕು, ಬೇರೆ ವೈದ್ಯರ ಅಭಿಪ್ರಾಯವೂ ಬೇಕು. ಸುಪ್ರೀಂ ಕೋರ್ಟ್ 2005ರಲ್ಲೇ ಹಾಗೆ ಹೇಳಿದೆ. ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಷ್ಟನ್ನೇ ನಂಬಿ ಕೂರಬೇಡಿ ಎನ್ನುವುದು ನನ್ನ ಅಭಿಪ್ರಾಯ.

ನಮಗೆ ನಿಜವಾಗಿ ತೆರೆದ ಬಾಗಿಲು ಗ್ರಾಹಕರ ಆಯೋಗದ್ದು. ಹಣ ಪಡೆದು ಕೊಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ತೀರ್ಪಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಸೇವಾ ನ್ಯೂನತೆ’ ಎಂದರೆ ನಿರ್ಲಕ್ಷ್ಯ ಮಾತ್ರವಲ್ಲ. ಗ್ರಾಹಕರಿಗೆ ತಿಳಿಯಬೇಕಾದ ವಿಷಯವನ್ನು ಬೇಕೆಂದೇ ಮುಚ್ಚಿಡುವುದೂ ನ್ಯೂನತೆಯೇ. ಕುತ್ತಿಗೆವರೆಗೆ ಎಳೆದ ಹೊದಿಕೆ, ಕಿಟಕಿಯ ಊದುಬತ್ತಿ, ಎರಡನ್ನೂ ವಕೀಲರು ದೂರಿನಲ್ಲಿ ಈ ಮಾತಿನ ಕೆಳಗೇ ಬರೆದರು.

ಖರ್ಚಿನ ಭಯ ಬೇಡ. ಯಾವ ಆಯೋಗಕ್ಕೆ ಹೋಗಬೇಕು ಎನ್ನುವುದು ನೀವು ಕೇಳುವ ಪರಿಹಾರದ ಮೇಲೆ ನಿಂತಿಲ್ಲ, ಸೇವೆಗೆ ಕೊಟ್ಟ ಹಣದ ಮೇಲೆ ನಿಂತಿದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ನಾವು ಕೇಂದ್ರಕ್ಕೆ ಕಟ್ಟಿದ್ದು ಎರಡು ಲಕ್ಷದ ಆಸುಪಾಸು, ಹಾಗಾಗಿ ಶುಲ್ಕವಾಗಿ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಕೇಂದ್ರ ಬೆಂಗಳೂರಿನಲ್ಲಿದ್ದು ನೀವು ಹುಬ್ಬಳ್ಳಿಯಲ್ಲಿದ್ದರೆ ಹುಬ್ಬಳ್ಳಿಯಿಂದಲೇ, ನೀವು ವಾಸವಿರುವ ಕಡೆಯ ಆಯೋಗದಲ್ಲೇ ದೂರು ಕೊಡಬಹುದು. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ವಕೀಲರು ಕಡ್ಡಾಯವಲ್ಲ, ಆದರೆ ಇಂಥ ಕೇಸಿಗೆ ಇಟ್ಟುಕೊಳ್ಳಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಗ್ರಾಹಕ ಸಹಾಯವಾಣಿ 1915. ಹಿರಿಯರಿಗೆ ತೊಂದರೆಯಾಗುತ್ತಿದೆ ಎಂದು ಈಗಲೇ ಅನುಮಾನವಿದ್ದರೆ 14567ಕ್ಕೆ ಕರೆ ಮಾಡಿ.

ಘಟನೆಯಾಗಿ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ‘ಅವರು ಗುಣವಾಗಲಿ, ಆಮೇಲೆ ನೋಡೋಣ’ ಎನ್ನುತ್ತ ಆ ಗಡುವು ಕಳೆದುಕೊಳ್ಳಬೇಡಿ. ರೋಗಿ ತೀರಿಕೊಂಡರೂ ವಾರಸುದಾರರು ಕೇಸು ಹಾಕಬಹುದು, ಮುಂದುವರಿಸಬಹುದು. ಆದರೆ ಯಾರಿಂದಲೂ ಹಣ ಪಡೆಯದ ಧರ್ಮಾರ್ಥ ಆಶ್ರಮವಾದರೆ ಈ ಗ್ರಾಹಕರ ದಾರಿ ಸಿಗುವುದಿಲ್ಲ. ಆಗ ಸಿವಿಲ್ ದಾವೆ, ಪೊಲೀಸ್ ದೂರು ಇವೇ ಉಳಿಯುವುದು.

ನಮ್ಮ ದೂರಿಗೆ ಕೇಂದ್ರದವರು ಕೊಟ್ಟ ಉತ್ತರದಲ್ಲಿ ನಾಲ್ಕು ಮಾತಿದ್ದವು: ವಯಸ್ಸು, ಶುಗರ್, ಬರುವಾಗಲೇ ಇತ್ತು, ಅಡ್ಮಿಷನ್ ಫಾರಂನಲ್ಲಿ ನೀವೇ ಸಹಿ ಹಾಕಿದ್ದೀರಿ. ಆ ಇಂಗ್ಲಿಷ್ ಫಾರಂನ ಸಣ್ಣಕ್ಷರದಲ್ಲಿ ಬೆಡ್ ಸೋರ್, ಬೀಳುವುದು, ಸಾವು ಯಾವುದಕ್ಕೂ ಸಂಸ್ಥೆ ಹೊಣೆಯಲ್ಲ ಎಂದಿತ್ತಂತೆ. ನೋಡಿಕೊಳ್ಳುತ್ತೇವೆಂದು ಹಣ ಪಡೆದ ಮೇಲೆ ನೋಡಿಕೊಳ್ಳದೆ ಇರಲು ಆ ಸಾಲು ಪರವಾನಗಿಯಲ್ಲ ಎಂದು ನಮ್ಮ ವಕೀಲರು ವಾದಿಸುತ್ತಿದ್ದಾರೆ. ಶುಗರ್ ಇರುವವರನ್ನು ಹೆಚ್ಚು ಜಾಗ್ರತೆಯಿಂದ ಹೊರಳಿಸಬೇಕಿತ್ತು, ಶುಗರ್ ಅವರ ರಕ್ಷಣೆಗೆ ಬರುವ ಕಾರಣವೇ ಅಲ್ಲ.

ಆ ಕೇಂದ್ರಕ್ಕೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇ ನೋಂದಣಿ ಇದೆಯೇ ಎಂದು 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಆ ಹೆಸರಿನಲ್ಲಿ ಇಲ್ಲ ಎಂಬ ಉತ್ತರ ಬಂತು. ಆದರೂ ಮೂಗಿನ ನಳಿಕೆಯಲ್ಲಿ ಊಟ, ಮೂತ್ರಕ್ಕೆ ಕ್ಯಾಥೆಟರ್ ನಳಿಕೆ, ಇಂಜೆಕ್ಷನ್ ಎಲ್ಲ ಅಲ್ಲಿ ನಡೆಯುತ್ತಿತ್ತು. ಈ ನೋಂದಣಿ ನೋಡಿಕೊಳ್ಳುವ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೂ ದೂರು ಕೊಟ್ಟಿದ್ದೇವೆ. ಸೇರಿಸುವ ಮೊದಲೇ ಇದನ್ನು ಕೇಳಬೇಕಿತ್ತು. ಗೋಡೆಯ ಮೇಲೆ ನೋಂದಣಿ ಸಂಖ್ಯೆ ಇದೆಯೇ, ರಾತ್ರಿ ಪಾಳಿಯಲ್ಲಿ ಎಷ್ಟು ಜನಕ್ಕೆ ಎಷ್ಟು ಆಯಾಗಳು, ಹೇಳದೆ ಬಂದರೆ ಒಳಗೆ ಬಿಡುತ್ತಾರೆಯೇ? ಈ ಮೂರಕ್ಕೆ ಉತ್ತರ ಸಿಗದ ಕಡೆ ಯಾರನ್ನೂ ಬಿಡಬೇಡಿ.

ಆಯಾಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಜನವರಿಯಲ್ಲಿ ಅಲ್ಲಿನ ಒಬ್ಬ ಆಯಾ ನನಗೆ ಫೋನ್ ಮಾಡಿದಳು. “ಅಕ್ಕಾ, ರಾತ್ರಿ ಮೂವತ್ತೆರಡು ಜನಕ್ಕೆ ನಾವು ಇಬ್ಬರೇ. ಅಮ್ಮನ ಬೆನ್ನು ಕೆಂಪಾಗಿದೆ ಅಂತ ದೀಪಾವಳಿ ಟೈಮಲ್ಲೇ ಹೇಳಿದ್ದೆ. ಮನೆಯವರಿಗೆ ಹೇಳಬೇಡ ಅಂದರು” ಎಂದು ಅತ್ತಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಇಬ್ಬರನ್ನಿಟ್ಟು ನಾಲ್ವರ ಹಣ ವಸೂಲು ಮಾಡಿದವರ ಮೇಲಿದೆ. ಅವಳ ಹೆಸರನ್ನು ದೂರಿನಲ್ಲಿ ಸೇರಿಸಲು ನಾನು ಒಪ್ಪಲಿಲ್ಲ. ಈಗ ಅವಳು ಆ ಕೆಲಸ ಬಿಟ್ಟಿದ್ದಾಳೆ, ಪ್ರಮಾಣಪತ್ರ (ಅಫಿಡವಿಟ್) ಬರೆದುಕೊಡುತ್ತೇನೆ ಎಂದಿದ್ದಾಳೆ.

ಅಮ್ಮನನ್ನು ಆಸ್ಪತ್ರೆಯಿಂದ ನೇರ ಮನೆಗೆ ತಂದೆವು, ನಾಲ್ಕು ಜನ ಕುರ್ಚಿಯಲ್ಲಿ ಎತ್ತಿ ಎರಡು ಮಹಡಿ ಹತ್ತಿಸಿದರು. ನಾನು ಸಂಬಳವಿಲ್ಲದ ರಜೆ ಹಾಕಿದೆ, ಚಿಕ್ಕಮ್ಮ ಊರಿಂದ ಬಂದು ಜೊತೆಗಿದ್ದರು. ಎರಡು ಗಂಟೆಗೊಮ್ಮೆ ಅಲಾರಾಂ. ಗಾಯ ತಿಂಗಳಿಂದ ತಿಂಗಳಿಗೆ ತುಂಬುತ್ತ ಬಂತು. ಪೂರ್ತಿ ಮುಚ್ಚುವ ಮೊದಲೇ, 2025ರ ಶ್ರಾವಣದಲ್ಲಿ, ನ್ಯುಮೋನಿಯಾ ಆಗಿ ಅಮ್ಮ ಹೋದಳು. ಅಷ್ಟರಲ್ಲಿ ದೂರು ದಾಖಲಾಗಿತ್ತು. ಈಗ ಅವಳ ಜಾಗದಲ್ಲಿ ನನ್ನ ಹೆಸರು, ತಮ್ಮನ ಹೆಸರು ಇದೆ. ಗ್ರಾಹಕ ಕಾಯ್ದೆ ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು ಎನ್ನುತ್ತದೆ. ನಮ್ಮದು ಮುಂದಕ್ಕೆ ಹೋಗುತ್ತಲೇ ಇದೆ. ಕಳೆದ ಸಲ ಅವರ ವಕೀಲರು ನವೆಂಬರ್ 21ರ ಚಾರ್ಟಿನ ಮೂಲ ಪ್ರತಿ ತರಲು ಮತ್ತೆ ಸಮಯ ಕೇಳಿದರು. ನಮ್ಮ ಫೋಟೋ ಆಯೋಗದ ಫೈಲಿನಲ್ಲಿದೆ.