ಪುಸ್ತಕವಿಲ್ಲದ ಬಿಬಿಸಿ ಮೈಕ್ರೋ: ಫೋನು, ಫ್ಲಾಪಿ, ಎಸ್‌ಡಿ ಕಾರ್ಡು

ಶಾಲೆಯೊಂದು ಸ್ಟೋರ್ ರೂಮು ಖಾಲಿ ಮಾಡುತ್ತಿದೆ ಎಂದು ಗೆಳೆಯ ಫೋನ್ ಮಾಡಿದ. ಹೋಗಿ ನೋಡಿದರೆ ಮುರಿದ ಬೆಂಚುಗಳ ಕೆಳಗೆ ಬಿಬಿಸಿ ಮೈಕ್ರೋ ಎಂಬ ಹಳೆ ಕಂಪ್ಯೂಟರ್ ಬಿದ್ದಿತ್ತು. ಮಾಸಿದ ಕೆನೆಬಣ್ಣದ ಡಬ್ಬ, ಕಪ್ಪು ಕೀಗಳು, ಮೇಲೊಂದು ಸಾಲು ಕೆಂಪು ಕೀಗಳು. ಮ್ಯಾನುವಲ್ ಇಲ್ಲ, ಕೇಬಲ್ ಇಲ್ಲ, ಮಾನಿಟರ್ ಇಲ್ಲ. ಗುಜರಿ ಬೆಲೆಗೆ ಕೊಟ್ಟರು.

1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ದೇಶದ ನಾನಾ ಶಾಲೆಗಳಿಗೆ ಕೊಟ್ಟದ್ದು ಇದೇ ಕಂಪ್ಯೂಟರನ್ನು. ಚಪ್ಪಲಿ ಹೊರಗೆ ಬಿಟ್ಟು, ಒಂದು ಯಂತ್ರದ ಮುಂದೆ ನಾಲ್ಕು ಜನ ಕೂತು ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತ ಪೀಳಿಗೆ ನಮ್ಮದು. ಹಾಗಾಗಿ ಒಂದೆರಡು ಆಜ್ಞೆ ಇನ್ನೂ ತಲೆಯಲ್ಲಿದ್ದವು. ಮ್ಯಾನುವಲ್ಲಿನ ಸ್ಕ್ಯಾನ್ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ, ಗೊತ್ತು. ಆದರೆ ಅದನ್ನು ತೆರೆಯದೆ ಓಡಿಸುತ್ತೇನೆ ಎಂದು ಮಗಳ ಹತ್ತಿರ ಪಂದ್ಯ ಕಟ್ಟಿಬಿಟ್ಟೆ. ಬೇರೆ ಏನು ಹುಡುಕಿದರೂ ಸರಿ, ಪುಸ್ತಕ ಮಾತ್ರ ಮುಟ್ಟಬಾರದು.

ಮೊದಲು ಕರೆಂಟು. ಇಲ್ಲಿ ಎರಡು ದಾರಿ: ನೇರ ಪ್ಲಗ್ ಹಾಕೋದು, ಇಲ್ಲವೇ ಬಿಚ್ಚಿ ನೋಡಿ ಆಮೇಲೆ ಹಾಕೋದು. ನಾನು ಮೊದಲನೆಯದನ್ನು ಮಾಡಿದೆ. ಹತ್ತು ನಿಮಿಷಕ್ಕೆ ಪಟ್ ಎಂದು ಸದ್ದು, ಮನೆ ತುಂಬ ಕೆಟ್ಟ ವಾಸನೆಯ ಬಿಳಿ ಹೊಗೆ. ಪವರ್ ಸಪ್ಲೈ ಒಳಗೆ ಮೇನ್ಸ್ ಫಿಲ್ಟರ್‌ಗೆಂದು ಎರಡು ಕಾಗದದ ಕೆಪಾಸಿಟರ್ ಇರುತ್ತವೆ, 0.1 ಮತ್ತು 0.01 ಮೈಕ್ರೋಫ್ಯಾರಡ್‌ನವು. ನಲವತ್ತು ವರ್ಷದಲ್ಲಿ ಅವುಗಳ ಮೈ ಬಿರುಕು ಬಿಟ್ಟು ತೇವ ಒಳಗೆ ಹೋಗುತ್ತದೆ. ತಮಾಷೆ ಅಂದರೆ ಹೊಗೆ ಬರುತ್ತಿದ್ದರೂ ಯಂತ್ರಕ್ಕೆ ಕರೆಂಟು ಹೋಗುತ್ತಲೇ ಇತ್ತು. ಎರಡನ್ನೂ ಎಕ್ಸ್2 ದರ್ಜೆಯ, ಅಂದರೆ ಮೇನ್ಸ್ ಕರೆಂಟಿಗೆಂದೇ ಮಾಡಿದ, ಹೊಸ ಕೆಪಾಸಿಟರ್‌ಗೆ ಬದಲಿಸಿದೆ. ಬೋರ್ಡಿನ ತಂತಿ ಬಿಡಿಸಿ, ಸ್ಕೂಟರಿನ 12 ವೋಲ್ಟ್ ಬಲ್ಬನ್ನು ಲೋಡ್ ಆಗಿ ಕಟ್ಟಿ, 5 ವೋಲ್ಟ್ ಸರಿಯಾಗಿ ಬರುತ್ತಿದೆಯೇ ಎಂದು ಅಳೆದೆ. ನೀವು ಎರಡನೇ ದಾರಿಯನ್ನೇ ಹಿಡಿಯಿರಿ. ಸಪ್ಲೈ ಬಿಚ್ಚುವ ಮುಂಚೆ ಸ್ವಲ್ಪ ಕಾಯಿರಿ ಕೂಡ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟ್ ಹಿಡಿದುಕೊಂಡು ಕೂತಿರಬಹುದು.

ಆಮೇಲೆ ಹಾಕಿದರೆ ‘ಬೂಂ’ ಎಂದು ಒಂದೇ ಉದ್ದ ಸ್ವರ, ನಿಲ್ಲಲೇ ಇಲ್ಲ. ಶಾಲೆಯ ದಿನದ ‘ಬೂ–ಬೀಪ್’ ಕಿವಿಯಲ್ಲೇ ಇತ್ತು. ಎರಡನೇ ಚಿಕ್ಕ ಬೀಪ್ ಬರಲಿಲ್ಲ ಅಂದರೆ ಯಂತ್ರ ಏಳುತ್ತಲೇ ಸಿಕ್ಕಿಹಾಕಿಕೊಂಡಿದೆ ಎಂದರ್ಥ. ಸಾಕೆಟ್ಟಿನಲ್ಲಿರುವ ಚಿಪ್‌ಗಳನ್ನು ಒಂದೊಂದಾಗಿ ಎತ್ತಿ, ಕಾಲು ಒರೆಸಿ, ಮತ್ತೆ ಒತ್ತಿ ಕೂರಿಸಿದೆ. ಬೀಪ್ ಬಂತು.

ಚಿತ್ರ ನೋಡಲು ಬೆನ್ನಿನಲ್ಲಿ ಮೂರು ಕಿಂಡಿ ಇವೆ. ಟಿವಿ ಆಂಟೆನಾಕ್ಕೆ ಹೋಗುವ ಯುಎಚ್‌ಎಫ್ ಮೊದಲನೆಯದು. ಹಳೆ ಟಿವಿಯಲ್ಲಿ ಚಾನೆಲ್ 36ರ ಹತ್ತಿರ ಸಿಕ್ಕಿತು, ಬಣ್ಣವೂ ಬಂತು, ಅಕ್ಷರ ಮಾತ್ರ ಮಳೆಯಲ್ಲಿ ನೆನೆದ ಪೋಸ್ಟರಿನ ಹಾಗೆ. ಎರಡನೆಯದು ಬಿಎನ್‌ಸಿ ಕಿಂಡಿ. ಸಿಸಿಟಿವಿ ಕ್ಯಾಮೆರಾದವರು ಬಳಸುವ ಕನೆಕ್ಟರೇ ಇದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಚಹಾ ದುಡ್ಡಿಗೆ ಅಡಾಪ್ಟರ್ ಸಿಕ್ಕಿತು. ಟಿವಿಯ ಹಳದಿ ಎವಿ ಕಿಂಡಿಗೆ ಚುಚ್ಚಿದೆ. ಕಪ್ಪುಬಿಳುಪು, ಆದರೆ ಗೆರೆ ಕೊಯ್ದಂಥ ಅಕ್ಷರ. ಮೂರನೆಯದು ಆರು ಪಿನ್ನಿನ ಆರ್‌ಜಿಬಿ. ಇದನ್ನು ಕಂಪ್ಯೂಟರ್ ಮಾನಿಟರಿಗೆ ಹಾಗೇ ಕೊಟ್ಟರೆ ಆಗೋದಿಲ್ಲ, ಸೆಕೆಂಡಿಗೆ 15,625 ಗೆರೆಯ ವೇಗವನ್ನು ಈಗಿನ ಮಾನಿಟರ್‌ಗಳು ಒಪ್ಪುವುದಿಲ್ಲ. ರಾಸ್ಪ್‌ಬೆರಿ ಪೈ ಜೀರೋ ಮೇಲೆ ಕೂರುವ ಎಚ್‌ಡಿಎಂಐ ಪರಿವರ್ತಕ ತರಿಸಿದೆ. ಚಿತ್ರ ಅದ್ಭುತ, ಜೇಬು ಖಾಲಿ. ಯಂತ್ರ ಬದುಕಿದೆಯೋ ಇಲ್ಲವೋ ಗೊತ್ತಿಲ್ಲದಾಗ ಸಿಸಿಟಿವಿ ಅಡಾಪ್ಟರ್ ಸಾಕು.

‘ಬಿಬಿಸಿ ಕಂಪ್ಯೂಟರ್ 32ಕೆ’, ‘ಬೇಸಿಕ್’, ಕೆಳಗೊಂದು > ಗುರುತು. ನಕ್ಷತ್ರ ಗುರುತು ಹಾಕಿ ‘ಹೆಲ್ಪ್’ ಎಂದು ಟೈಪ್ ಮಾಡಿದೆ. ‘ಓಎಸ್ 1.20’ ಎಂದಷ್ಟೇ ಹೇಳಿತು. ಡಿಸ್ಕಿನ ಸುದ್ದಿಯೇ ಇಲ್ಲ. ಅಂದರೆ ಡಿಸ್ಕ್ ಓದುವ ತಂತ್ರಾಂಶ ಬರೆದಿಟ್ಟ ರಾಮ್ (ROM) ಚಿಪ್ ಇಲ್ಲ.

ಹಾಗಾಗಿ ಪ್ರೋಗ್ರಾಮ್ ತುಂಬುವ ಮೂರು ದಾರಿಗಳಲ್ಲಿ ಫ್ಲಾಪಿ ನನಗೆ ಅಲ್ಲೇ ಸತ್ತಿತು. ಯುಎಸ್‌ಬಿ ಪೆನ್‌ಡ್ರೈವನ್ನು ಫ್ಲಾಪಿಯಂತೆ ತೋರಿಸುವ ಗೋಟೆಕ್ ಪೆಟ್ಟಿಗೆ ಮೊದಲೇ ತಂದಿದ್ದೆ, ದಡ್ಡತನ. ಮುಚ್ಚಳ ತೆಗೆದು ನೋಡಿದರೆ ಫ್ಲಾಪಿ ನಡೆಸುವ 8271 ಕಂಟ್ರೋಲರ್ ಚಿಪ್ಪಿನ ಸಾಕೆಟ್ ಬೋಳಾಗಿತ್ತು. ಆ ಚಿಪ್ ಈಗ ಅಪರೂಪ, ಸಿಕ್ಕರೂ ದುಬಾರಿ. ನಿಮ್ಮ ಯಂತ್ರದಲ್ಲಿ ಅದಿದ್ದರೆ ಗೋಟೆಕ್ ಒಳ್ಳೆಯದೇ.

ಉಳಿದದ್ದು ಕ್ಯಾಸೆಟ್ ಮತ್ತು ಎಸ್‌ಡಿ ಕಾರ್ಡ್. ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಮ್ ಸದ್ದಿನ ರೂಪದಲ್ಲಿರುತ್ತದೆ. ಹಾಗಾಗಿ ಟೇಪ್ ರೆಕಾರ್ಡರೇ ಬೇಕಿಲ್ಲ, ಫೋನಿನಿಂದ ಸದ್ದು ಕೊಟ್ಟರೂ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಆದರೆ ಏಳು ಪಿನ್ನಿನ ಆ ದುಂಡು ಕಿಂಡಿಯಲ್ಲಿ ಯಾವುದು ಏನು? ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಸಪ್ಲೈನ ಕಪ್ಪು ತಂತಿಗೆ ಸೇರುವ ಪಿನ್ ಹುಡುಕಿದೆ, ಅದು ಗ್ರೌಂಡ್. ನಕ್ಷತ್ರ ಹಾಕಿ ‘ಮೋಟರ್ 1’ ಎಂದೆ. ಒಳಗೆ ರಿಲೇ ಟಕ್ ಎಂದಿತು, ಕೀಬೋರ್ಡಿನ ದೀಪ ಹತ್ತಿತು, ಎರಡು ಪಿನ್‌ಗಳು ಒಂದಕ್ಕೊಂದು ಸೇರಿದವು. ಮೋಟರ್ ಸಿಕ್ಕಿತು. ಎರಡು ಸಾಲಿನ ಪ್ರೋಗ್ರಾಮ್ ಬರೆದು ‘ಸೇವ್’ ಕೊಟ್ಟು, ಹಳೆ ಸ್ಪೀಕರಿನ ತಂತಿಯನ್ನು ಉಳಿದ ಪಿನ್‌ಗಳಿಗೆ ಮುಟ್ಟಿಸುತ್ತ ಹೋದೆ. ಕಿರ್ರ್ ಎಂದು ಕಿರುಚಿದ್ದು ಔಟ್‌ಪುಟ್. ಬೋರ್ಡಿನ ಮೇಲೆ ಎಲ್‌ಎಂ324 ಆಂಪ್ಲಿಫೈಯರ್ ಕಡೆಗೆ ಗೆರೆ ಹೋಗುತ್ತಿದ್ದದ್ದು ಇನ್‌ಪುಟ್. ಒಂದು ಸಂಜೆ ಹಿಡಿಯಿತು. ಪುಸ್ತಕದಲ್ಲಾದರೆ ಅರ್ಧ ನಿಮಿಷದ ವಿಷಯ, ಬಿಡಿ.

ಬಿಬಿಸಿಯ ಟೇಪ್ ಭಾಷೆ ಸರಳ. 1200 ಹರ್ಟ್ಸ್‌ನ ಒಂದು ಅಲೆ ಸೊನ್ನೆ, 2400 ಹರ್ಟ್ಸ್‌ನ ಎರಡು ಅಲೆ ಒಂದು. ಸೆಕೆಂಡಿಗೆ 1200 ಬಿಟ್. 16 ಕಿಲೋಬೈಟಿನ ಆಟಕ್ಕೆ ಮೂರು ನಾಲ್ಕು ನಿಮಿಷ ಬೇಕು. ಫೋನಿನ ಈಕ್ವಲೈಸರ್, ಬಾಸ್ ಬೂಸ್ಟ್ ಎಲ್ಲ ಆಫ್ ಮಾಡಿ. ಎಂಪಿ3 ಬೇಡ, ವೇವ್ ಫೈಲ್ ಇರಲಿ. ವಾಲ್ಯೂಮ್ ಮುಕ್ಕಾಲಿಗಿಂತ ಕಡಿಮೆ ಇದ್ದಾಗ ನನ್ನ ಯಂತ್ರ ‘ಸರ್ಚಿಂಗ್’ನಲ್ಲೇ ಕೂತಿತು. ಎಲ್ಲ ಸರಿಹೋಗಿ ಲೋಡ್ ಆಗುತ್ತಿರುವಾಗ ವಾಟ್ಸಾಪ್ ‘ಟಿಂಗ್’ ಎಂದಿತು, ತೆರೆಯ ಮೇಲೆ ‘ಡೇಟಾ?’ ಎಂಬ ಪ್ರಶ್ನೆ. ಸೊಸೈಟಿ ಗ್ರೂಪಿನ ಶುಭೋದಯ ಸಂದೇಶ ಅದು.

ಇಲ್ಲೇ ಬಿಬಿಸಿ ಮನಸ್ಸು ಗೆದ್ದಿತು. ಅದು 256 ಬೈಟಿನ ಬ್ಲಾಕ್‌ಗಳಾಗಿ ಓದುತ್ತದೆ, ಪ್ರತಿ ಬ್ಲಾಕನ್ನೂ ಅಲ್ಲಲ್ಲೇ ಪರೀಕ್ಷಿಸುತ್ತದೆ. ತಪ್ಪಾದರೆ ‘ಟೇಪ್ ಹಿಂದೆ ತಿರುಗಿಸು’ ಎನ್ನುತ್ತದೆ. ಫೋನಿನಲ್ಲಿ ಬೆರಳಿನಿಂದ ಸ್ಲೈಡರನ್ನು ಸ್ವಲ್ಪ ಹಿಂದಕ್ಕೆ ಎಳೆದರೆ ಆಯ್ತು, ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಅದೇ ಕಾಲದ ಸಿಂಕ್ಲೇರ್ ಸ್ಪೆಕ್ಟ್ರಮ್ ಕಂಪ್ಯೂಟರ್ ಆಗಿದ್ದರೆ ಎಲ್ಲ ಮೊದಲಿಂದ.

ಎಸ್‌ಡಿ ಕಾರ್ಡಿನ ದಾರಿ ಬೇರೆ. ಡಬ್ಬದ ಅಡಿಯ 20 ಪಿನ್ನಿನ ಯೂಸರ್ ಪೋರ್ಟಿಗೆ ಪುಟ್ಟ ಬೋರ್ಡ್ ಸಿಗಿಸಬೇಕು. ಕಂಟ್ರೋಲರ್ ಚಿಪ್ ಬೇಡವೇ ಬೇಡ. ಆದರೆ ಕಾರ್ಡನ್ನು ಡಿಸ್ಕಿನಂತೆ ಓದಿಸುವ ಎಂಎಂಎಫ್‌ಎಸ್ ಎಂಬ ತಂತ್ರಾಂಶವನ್ನು ಇಪ್ರಾಮ್ (ಅಳಿಸಿ ಮತ್ತೆ ಬರೆಯಬಹುದಾದ ರಾಮ್) ಚಿಪ್ಪಿಗೆ ಬರೆಸಿ, ಖಾಲಿ ರಾಮ್ ಸಾಕೆಟ್ಟಿನಲ್ಲಿ ಕೂರಿಸಬೇಕು. ಬರೆದುಕೊಡುವವರನ್ನು ಹುಡುಕಲು ಎರಡು ಶನಿವಾರ ಹೋದವು. ಚಿಪ್ಪನ್ನು ಒಮ್ಮೆ ತಿರುವುಮುರುವು ಕೂರಿಸಿದೆ, ಪುಣ್ಯಕ್ಕೆ ಸುಡಲಿಲ್ಲ. ಕೂತ ಮೇಲೆ ಮಾತೇ ಇಲ್ಲ. ಒಂದೇ ಫೈಲಿನಲ್ಲಿ 511 ಡಿಸ್ಕು. ಶಿಫ್ಟ್ ಹಿಡಿದು ಬ್ರೇಕ್ ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಆಟ ರೆಡಿ.

ಒಂದು ಮರೆಮಾಚಿದ ಬೆಲೆ ಇದೆ. ‘ಪ್ರಿಂಟ್ ಪೇಜ್’ ಎಂದು ಕೇಳಿ ನೋಡಿ, ಬೇಸಿಕ್ ಪ್ರೋಗ್ರಾಮ್ ಮೆಮೊರಿಯಲ್ಲಿ ಎಷ್ಟನೇ ಬೈಟಿನಿಂದ ಶುರು ಎಂದು ಹೇಳುತ್ತದೆ. ಕ್ಯಾಸೆಟ್ ಮಾತ್ರ ಇದ್ದಾಗ 3584. ಕಾರ್ಡಿನ ರಾಮ್ ಹಾಕಿದ ಮೇಲೆ 6400. ಅಂದರೆ 2816 ಬೈಟ್ ಹೋಯಿತು. 32 ಕಿಲೋಬೈಟಿನ ಯಂತ್ರದಲ್ಲಿ ಇದು ಸಣ್ಣದಲ್ಲ. ಗ್ರಾಫಿಕ್ಸ್ ಮೋಡ್ 2 ಒಂದೇ 20 ಕಿಲೋಬೈಟ್ ನುಂಗುತ್ತದೆ. ಫೋನಿನಿಂದ ಓಡಿದ ನನ್ನದೇ ಒಂದು ಪ್ರೋಗ್ರಾಮ್ ಕಾರ್ಡಿನಿಂದ ಓಡಲಿಲ್ಲ, ಜಾಗ ಸಾಲದು ಎಂದು ನಿಂತಿತು.

ದಿನಾ ಆಡಲು ಎಸ್‌ಡಿ ಕಾರ್ಡೇ ಸರಿ, ಮಗಳು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಆದರೆ ಗುಜರಿಯಿಂದ ಈಗಷ್ಟೇ ತಂದ ಯಂತ್ರಕ್ಕೆ ನಾನು ಮೊದಲು ಕೊಡುವುದು ಫೋನಿನ ವೈರನ್ನು. ಬೋರ್ಡಿನಲ್ಲಿ ಏನನ್ನೂ ಬದಲಿಸಬೇಕಿಲ್ಲ, ಖರ್ಚೂ ಇಲ್ಲ. ಮುಂದೆ ಏನು ಕೆಟ್ಟರೂ ಅದು ಹೊಸದಾಗಿ ಸೇರಿಸಿದ ವಸ್ತುವಿನದೋ ಹಳೆ ಯಂತ್ರದ್ದೋ ಎಂಬ ಗೊಂದಲವೂ ಇರುವುದಿಲ್ಲ.

ಪಂದ್ಯ ಗೆದ್ದೆ. ‘ಕೆ’ ಕೀ ಮಾತ್ರ ಇನ್ನೂ ಎರಡು ಸಲ ಒತ್ತಿದರೇ ಕೆಲಸ ಮಾಡೋದು. ಮುಂದಿನ ಶನಿವಾರ ಅದರ ಸ್ವಿಚ್ ಬಿಚ್ಚಬೇಕು.