ಇಆರ್347 ಟಿಗ್ ಕಡ್ಡಿ: ಬೆಸುಗೆ ಚೊಕ್ಕ, ಚೀಟಿಯದೇ ಕಾಟ

ಐದಕ್ಕೆ ನಾಲ್ಕು ಸ್ಟಾರ್. ಇದು ಟಿಗ್ ಬೆಸುಗೆಯಲ್ಲಿ, ಅಂದರೆ ಆರ್ಗಾನ್ ಅನಿಲದ ಆಸರೆಯಲ್ಲಿ ವಿದ್ಯುತ್ ಕಿಡಿಯ (ಆರ್ಕ್) ಶಾಖದಿಂದ ಬೆಸೆಯುವಾಗ, ಕರಗಿಸಿ ತುಂಬುವ ಸ್ಟೇನ್‌ಲೆಸ್ ಕಡ್ಡಿ. ಕಳೆದ ಒಂದು ಸ್ಟಾರ್ ಕಡ್ಡಿಯ ತುದಿಗೆ ಅಂಟಿಸಿರುವ ಕಾಗದದ ಚೀಟಿಗೆ.

ನಾನಿರುವುದು ಅಮೆರಿಕದ ಒಹಾಯೊದಲ್ಲಿ. ಮನೆಯ ಗ್ಯಾರೇಜಿನಲ್ಲೇ ಎರಡು ಸೀಟಿನ ವಿಮಾನ ಕಟ್ಟಿದ್ದೇನೆ, ಎಂಜಿನ್ ಲೈಕಮಿಂಗ್ ಒ-320. ಎಕ್ಸಾಸ್ಟ್ (ಎಂಜಿನ್ನಿನ ಹೊಗೆ ಕೊಳವೆ) ರೆಡಿಮೇಡ್ ಸಿಗುತ್ತಿತ್ತು. ಆದರೂ 321 ದರ್ಜೆಯ ಸ್ಟೇನ್‌ಲೆಸ್ಸಿನ ಬಾಗಿಸಿದ ಪೈಪುಗಳನ್ನು ತರಿಸಿ ನಾನೇ ಬೆಸೆದೆ. ದುಡ್ಡು ಉಳಿಯಿತು ಅಂತ ಯಾರೂ ಭಾವಿಸಬೇಡಿ, ಉಳಿದದ್ದನ್ನೆಲ್ಲ ಆರ್ಗಾನ್ ಸಿಲಿಂಡರ್ ನುಂಗಿತು.

ಈ ಕಡ್ಡಿಗೆ ಸಾಮಾನ್ಯ ಸ್ಟೇನ್‌ಲೆಸ್ ಕೆಲಸದ ಕಡ್ಡಿಯಾದ 308ಎಲ್‌ಗಿಂತ ಸುಮಾರು ಎರಡರಷ್ಟು ಕೊಟ್ಟಿದ್ದೇನೆ. ಪೀಣ್ಯದಲ್ಲಿ ಡೈರಿ ಪೈಪ್‌ಲೈನ್ ಕೆಲಸ ಮಾಡುವ ನನ್ನ ಬಾಮೈದ ಫೋನಿನಲ್ಲಿ ನಕ್ಕ. "ಭಾವ, ಹಾಲಿನ ಪೈಪಿಗೆ ನಾವು 308ಎಲ್ ಹಾಕಿ ಕೈ ತೊಳ್ಕೋತೀವಿ. ನಿಮ್ಮದೇನು ಅಂಥಾ ವಿಶೇಷ?" ವಿಶೇಷ ಇರುವುದು ಶಾಖದಲ್ಲಿ. ಎಂಜಿನ್ನಿನಿಂದ ಹೊರಬರುವ ಅನಿಲ ಹಾರಾಟದಲ್ಲಿ 700ರಿಂದ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಸ್ಟೇನ್‌ಲೆಸ್ಸಿನ ಕ್ರೋಮಿಯಂ ಇಂಗಾಲದ ಜೊತೆ ಸೇರಿಕೊಂಡು ಲೋಹದ ಕಣಗಳ ಅಂಚಿನಲ್ಲಿ ಕಾರ್ಬೈಡ್ ಆಗಿ ಕೂರುವುದೂ ಹೆಚ್ಚುಕಡಿಮೆ ಅದೇ ಶಾಖದಲ್ಲಿ. ಆಮೇಲೆ ಆ ಅಂಚಿನಗುಂಟ ತುಕ್ಕು, ಬಿರುಕು. 321ರಲ್ಲಿ ಇಂಗಾಲವನ್ನು ಹಿಡಿದಿಡಲು ಟೈಟಾನಿಯಂ ಬೆರೆಸಿರುತ್ತಾರೆ. ಆದರೆ ಕಡ್ಡಿಯೊಳಗೆ ಟೈಟಾನಿಯಂ ಇಟ್ಟರೆ ಅದರಲ್ಲೊಂದಷ್ಟು ಆರ್ಕ್‌ನಲ್ಲೇ ಸುಟ್ಟುಹೋಗುತ್ತದೆ. ಅದಕ್ಕೇ 321 ಪೈಪಿಗೆ 347 ಕಡ್ಡಿ: ಇದರಲ್ಲಿ ಟೈಟಾನಿಯಂ ಕೆಲಸವನ್ನು ನಯೋಬಿಯಂ ಮಾಡುತ್ತದೆ, ಬೆಸುಗೆಯೊಳಕ್ಕೆ ಕ್ಷೇಮವಾಗಿ ತಲುಪುತ್ತದೆ. 308ಎಲ್‌ನಲ್ಲಿ ಇಂಗಾಲ ಕಡಿಮೆ ನಿಜ, ಆದರೆ ಗಂಟೆಗಟ್ಟಲೆ ಕೆಂಡದಂತೆ ಕಾಯುವ ಜಾಗಕ್ಕೆ ಅಷ್ಟು ಸಾಲದು. ಹಾಲು ಅಷ್ಟೆಲ್ಲ ಕಾಯುವುದಿಲ್ಲವಲ್ಲ.

ಈಗ ಚೀಟಿ ವಿಷಯ. ಕಡ್ಡಿ 36 ಇಂಚು ಉದ್ದ. ಅಷ್ಟುದ್ದ ಹಿಡಿದರೆ ತುದಿ ಲಟಲಟ ಅಲ್ಲಾಡುತ್ತದೆ, ಆದ್ದರಿಂದ ಎಲ್ಲರೂ ಅರ್ಧಕ್ಕೆ ಕತ್ತರಿಸಿಕೊಳ್ಳುತ್ತಾರೆ. ಒಳ್ಳೆಯ ತಯಾರಕರು ಕಡ್ಡಿಯ ಎರಡೂ ತುದಿಗೆ ಸಂಖ್ಯೆ ಒತ್ತಿರುತ್ತಾರೆ. ನನಗೆ ಬಂದ ಕಟ್ಟಿನಲ್ಲಿ ಒಂದೇ ತುದಿಗೆ ಚೀಟಿ, ಅದೂ ಅಸಿಟೋನ್ ತಾಗಿದರೆ ಕಳಚಿ ಬರುವಂಥದ್ದು. ಕತ್ತರಿಸಿದ ಮೇಲೆ ಅರ್ಧ ಕಡ್ಡಿ ಅನಾಮಧೇಯ. ಪಕ್ಕದಲ್ಲೇ 308ಎಲ್ ಡಬ್ಬ ಇದ್ದರೆ ಮುಗಿಯಿತು ಕಥೆ: ಬಣ್ಣ ಒಂದೇ, ಹೊಳಪು ಒಂದೇ, ಅಯಸ್ಕಾಂತ ಹಿಡಿದರೂ ವ್ಯತ್ಯಾಸ ತಿಳಿಯದು. ಮಾರಿದ ಅಂಗಡಿಗೆ ಇಮೇಲ್ ಹಾಕಿದೆ. "ಕಡ್ಡಿ ತುಂಬಿ ಕಳಿಸಿದ ಟ್ಯೂಬಿನ ಮೇಲೆ ಬರೆದಿದೆಯಲ್ಲ" ಅಂತ ಉತ್ತರ ಬಂತು. ಹೌದು ಸ್ವಾಮಿ, ಆ ಟ್ಯೂಬನ್ನು ಬೆಸೆಯುವುದಿಲ್ಲ ನಾನು.

ಕೊನೆಗೆ ಹೆಂಡತಿಯ ನೈಲ್ ಪಾಲಿಶ್ ಕೈಹಿಡಿಯಿತು. ಕೈಯಲ್ಲಿ ಹಿಡಿಯುವ ತುದಿಗೆ ಒಂದು ಚುಕ್ಕೆ, ನೇರಳೆ ಅಂದರೆ 347. "ಆ ಬಣ್ಣ ನನಗೆ ಹೇಗೂ ಒಪ್ಪಲ್ಲ, ನೀವೇ ಇಟ್ಕೊಳ್ಳಿ" ಅಂದಳು. ಪೈಪಿನ ಮೇಲೆ ಗುರುತು ಹಾಕುವಾಗ ಮಾತ್ರ ಪೆನ್ಸಿಲ್ ಮುಟ್ಟಬೇಡಿ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಕೈಪಿಡಿಗಳು ಇದನ್ನು ಸ್ಪಷ್ಟವಾಗಿ ಬೇಡ ಅನ್ನುತ್ತವೆ, ಸತು ಲೇಪಿಸಿದ ಉಪಕರಣವೂ ಬೇಡ ಅನ್ನುತ್ತವೆ. ಕಾದಾಗ ಆ ಗುರುತನ್ನು ಲೋಹ ಹೀರಿಕೊಂಡು ಅಲ್ಲಿಂದಲೇ ಬಿರುಕು ಶುರುವಾಗಬಹುದು.

ಬೈದದ್ದು ಸಾಕು. ಬೆಸೆಯಲು ಕೂತರೆ ಈ ಕಡ್ಡಿಯ ಮೇಲೆ ಸಿಟ್ಟು ನಿಲ್ಲುವುದಿಲ್ಲ. ಮಕ್ಕಳು ಮಲಗಿದ ಮೇಲೆ ಗ್ಯಾರೇಜಿಗೆ ಇಳಿಯುತ್ತೇನೆ. ಹತ್ತಿ ಬಟ್ಟೆಗೆ ಅಸಿಟೋನ್ ಹಾಕಿ, ಚುಕ್ಕೆಯ ತುದಿಯೊಂದನ್ನು ಬಿಟ್ಟು, ಕಡ್ಡಿಯನ್ನು ಉದ್ದಕ್ಕೂ ಎಳೆದರೆ ಬಟ್ಟೆಯ ಮೇಲೆ ಬೂದು ಗೆರೆ ಮೂಡುತ್ತದೆ. ಗೆರೆ ಬೀಳದವರೆಗೂ ಒರೆಸುವುದು. ಪೈಪಿನ ಎರಡು ಬಾಯಿಗೂ ಅಲ್ಯೂಮಿನಿಯಂ ಟೇಪ್ ಸುತ್ತಿ, ಒಂದು ಕಡೆಯಿಂದ ಆರ್ಗಾನ್ ಬಿಟ್ಟು, ಇನ್ನೊಂದು ಕಡೆ ಗಾಳಿ ಹೊರಹೋಗಲು ಸಣ್ಣ ತೂತು. ಗಾಳಿಯೆಲ್ಲ ಹೋಗಲಿ ಅಂತ ಕಾಯುವ ಹೊತ್ತಿನಲ್ಲಿ ಒಂದು ಲೋಟ ಕಾಫಿ. ಕಡ್ಡಿಯ ತುದಿ ಅನಿಲದ ಆಸರೆಯಿಂದ ಆಚೆ ಬಂದು ಕಪ್ಪಾದರೆ ಅಷ್ಟನ್ನು ಚಿವುಟಿ ಎಸೆಯಬೇಕು, ಜಿಪುಣತನ ಸಲ್ಲದು. ಕರಗಿದ ಲೋಹ 308ಎಲ್‌ನಷ್ಟು ಚುರುಕಾಗಿ ಹರಡುವುದಿಲ್ಲ ಅಂತ ನನ್ನ ಕೈಗೆ ಅನ್ನಿಸಿತು, ಆದರೆ ಗೆರೆ ತಣ್ಣಗಾದಾಗ ಗೋಧಿ ಹುಲ್ಲಿನ ಬಣ್ಣ ಬಂದರೆ ಆ ರಾತ್ರಿಯ ನಿದ್ದೆಯೇ ಬೇರೆ.

ಆರ್ಗಾನ್ ಉಳಿಸುತ್ತೇನೆಂದು ಪೈಪಿನ ಒಳಗಡೆ ಅನಿಲ ತುಂಬದೆ ಬೆಸೆದರೆ ಎಂಥ ಕಡ್ಡಿಯೂ ವ್ಯರ್ಥ. ಒಳಮೈಯಲ್ಲಿ ಬೆಸುಗೆ ಕಪ್ಪಗೆ, ಹರಳುಹರಳಾಗಿ ಉಬ್ಬುತ್ತದೆ. ಎಂಜಿನ್ನಿನ ನಡುಕಕ್ಕೆ ಮೊದಲು ಬಿಡುವುದು ಅಲ್ಲೇ.

ಈಗ ಕೆಲವು ವರ್ಷಗಳಿಂದ ಹಾರಿಸುತ್ತಿದ್ದೇನೆ. ಪ್ರತಿ ಸಲ ಆಯಿಲ್ ಬದಲಿಸುವಾಗ ಕೌಲಿಂಗ್ (ಎಂಜಿನ್ನಿನ ಹೊರಕವಚ) ತೆಗೆದು, ಟಾರ್ಚು, ಹಲ್ಲಿನ ಡಾಕ್ಟರ ಥರದ ಪುಟ್ಟ ಕನ್ನಡಿ ಹಿಡಿದು ಪ್ರತಿ ಬೆಸುಗೆಯನ್ನೂ ಸುತ್ತ ನೋಡುತ್ತೇನೆ. ಸೋರಿಕೆ ಇದ್ದಲ್ಲಿ ತಿಳಿಬೂದು ಪುಡಿಯ ಗೆರೆ ಕಾಣಬೇಕು. ಇದುವರೆಗೆ ಒಂದೂ ಇಲ್ಲ. ಕ್ಯಾಬಿನ್ ಹೀಟರಿನ ಕವಚ ಸುತ್ತಿರುವ ಪೈಪನ್ನು ಮಾತ್ರ ಕವಚ ಬಿಚ್ಚಿಯೇ ನೋಡುತ್ತೇನೆ; ಅಲ್ಲಿ ಬಿರುಕು ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ನೇರ ಕ್ಯಾಬಿನ್ನಿಗೇ ಬರುತ್ತದೆ. ಪ್ಯಾನೆಲ್ಲಿನಲ್ಲಿ ಅದರ ಡಿಟೆಕ್ಟರ್ ಕೂಡ ಇಟ್ಟಿದ್ದೇನೆ.

ಟರ್ಬೊ ಇರುವವರು ಇದನ್ನು ಬಿಟ್ಟು ನಿಕ್ಕಲ್ ಮಿಶ್ರಲೋಹವಾದ ಇನ್‌ಕೊನೆಲ್ 625ರ ಕಡೆ ನೋಡಿ, ಜೇಬು ಗಟ್ಟಿ ಇರಲಿ. ನನ್ನಂಥ ಸಾದಾ ನಾಲ್ಕು ಸಿಲಿಂಡರಿನವರಿಗೆ ಒಂದು ಪೌಂಡ್ ಕಡ್ಡಿ ಧಾರಾಳ, 1.2 ಮಿ.ಮೀ. ದಪ್ಪದ್ದೇ ತನ್ನಿ. ಮಿಕ್ಕ ದುಡ್ಡಲ್ಲಿ ಪೈಪಿನ ಒಳಕ್ಕೆ ಬಿಡುವ ಆರ್ಗಾನ್‌ಗಾಗಿ ಇನ್ನೊಂದು ಫ್ಲೋಮೀಟರ್ (ಅನಿಲದ ಹರಿವು ಅಳೆಯುವ ಮಾಪಕ) ಕೊಳ್ಳಿ, ಬೆಸುಗೆ ಟಾರ್ಚಿನ ಮೆದುಗೊಳವೆಗೇ ಮೂರು ಬಾಯಿಯ ಕವಲು ಜೋಡಿಸುವ ಹಳೇ ಉಪಾಯ ಬೇಡ.